ಬಿಟ್ಟಿ ಚಾಕರಿ ಬಜೆಟ್ಟಿನಲ್ಲಿ ಕಾಣುವುದಿಲ್ಲ: ಲಾವೋಸ್‌ನಲ್ಲಿ ಫ್ರೆಂಚರ ಆಳ್ವಿಕೆ ಹಗುರವಾಗಿತ್ತೇ?

ಆಗ್ನೇಯ ಏಷ್ಯಾದ ಇತಿಹಾಸವನ್ನು ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವ ನನಗೆ ಪ್ರತಿವರ್ಷ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಎದುರಾಗುವ ವಾಕ್ಯವೊಂದಿದೆ: "ಲಾವೋಸ್‌ನಲ್ಲಿ ಫ್ರೆಂಚರ ಆಳ್ವಿಕೆ ನಾಮಮಾತ್ರದ್ದಾಗಿತ್ತು, ಆದ್ದರಿಂದ ಅಲ್ಲಿನ ಜನ ಹೆಚ್ಚು ಕಷ್ಟಪಡಲಿಲ್ಲ." ಈ ವಾಕ್ಯದ ಮೊದಲ ಭಾಗವನ್ನು ಕುರಿತು ವಾದಿಸಬಹುದು. ಎರಡನೆಯ ಭಾಗ ಮೊದಲನೆಯದರಿಂದ ಹುಟ್ಟುವುದೇ ಇಲ್ಲ. ಹಾಗಿದ್ದರೂ 'ಆದ್ದರಿಂದ' ಎಂಬ ಮಾತನ್ನು ನಡುವೆ ಇಟ್ಟು ಎರಡನ್ನೂ ಹೊಲಿದುಬಿಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಅಂಕ ಕಳೆದರೂ ಮುಂದಿನ ವರ್ಷದವರು ಅದನ್ನೇ ಬರೆಯುತ್ತಾರೆ. ವಿದ್ಯಾರ್ಥಿಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಈಚೆಗೆ ಪ್ರವಾಸಕ್ಕೆಂದು ಲುವಾಂಗ್ ಪ್ರಬಾಂಗ್‌ಗೆ ಹೋಗಿಬರುವ ನಮ್ಮವರು ಹೆಚ್ಚಾಗಿದ್ದಾರೆ. ಅಲ್ಲಿನ ನದಿದಂಡೆಯ ಹಳೆಯ ಬಂಗಲೆಗಳು, ಬೆಳಗಿನ ಹೊತ್ತಿನ ಉದ್ದನೆಯ ಬ್ರೆಡ್ಡು ಮತ್ತು ಬೊಲವೆನ್ ಪ್ರಸ್ಥಭೂಮಿಯ ಕಾಫಿಯನ್ನು ಬಾಯ್ತುಂಬ ಹೊಗಳಿದ ಮೇಲೆ ಅವರು ಕೂಡ ಕೊನೆಗೆ ಬಂದು ನಿಲ್ಲುವುದು ಇದೇ ತೀರ್ಮಾನಕ್ಕೆ.

ಘಟನಾವಳಿಯನ್ನು ಇಲ್ಲಿ ವಿವರವಾಗಿ ಹೇಳಲು ಹೋಗುವುದಿಲ್ಲ. 1353ರಲ್ಲಿ ಫಾ ಙುಮ್ ಕಟ್ಟಿದ ಲಾನ್ ಶಾಂಗ್ ರಾಜ್ಯ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್ ಮತ್ತು ಚಂಪಾಸಕ್ ಎಂದು ಮೂರಾಗಿ ಒಡೆದದ್ದು. ಮೂರೂ ಸಯಾಮಿನ (ಇಂದಿನ ಥಾಯ್ಲೆಂಡ್) ಅಧೀನಕ್ಕೆ ಬಂದದ್ದು. ವಿಯೆಂಟಿಯಾನ್‌ನ ಅರಸ ಅನುವೊಂಗ್ 1826ರಿಂದ 1828ರವರೆಗೆ ಬಂಡೆದ್ದು ಸೋತಾಗ ಸಯಾಮಿನ ಸೈನ್ಯ ಆ ನಗರವನ್ನು ನೆಲಸಮ ಮಾಡಿ, ಅಪಾರ ಸಂಖ್ಯೆಯ ಜನರನ್ನು ಮೆಕಾಂಗ್ ನದಿಯ ಆಚೆ ದಡಕ್ಕೆ ಸಾಗಿಸಿದ್ದು. 1887ರ ಜೂನ್‌ನಲ್ಲಿ ಲುವಾಂಗ್ ಪ್ರಬಾಂಗ್ ಮೇಲೆ ದಾಳಿಯಾದಾಗ ಫ್ರೆಂಚ್ ಉಪಕಾನ್ಸಲ್ ಓಗುಸ್ತ್ ಪಾವಿ ಮುದಿ ಅರಸ ಉನ್ ಖಾಮ್‌ನನ್ನು ದೋಣಿಯಲ್ಲಿ ಪಾರುಮಾಡಿದ್ದು. 1893ರ ಜುಲೈಯಲ್ಲಿ ಫ್ರೆಂಚ್ ಯುದ್ಧನೌಕೆಗಳು ಪಾಕ್ನಾಮ್ ಕೋಟೆಯ ಗುಂಡಿನ ನಡುವೆ ನುಗ್ಗಿ ಬ್ಯಾಂಕಾಕ್‌ನಲ್ಲಿ ಲಂಗರು ಹಾಕಿದ್ದು. ಅದೇ ವರ್ಷ ಅಕ್ಟೋಬರ್ 3ರ ಒಪ್ಪಂದದಲ್ಲಿ ಸಯಾಮ್ ಮೆಕಾಂಗಿನ ಎಡದಂಡೆಯನ್ನು ಬಿಟ್ಟುಕೊಟ್ಟದ್ದು. 1904ರಲ್ಲಿ ಬಲದಂಡೆಯ ಸಯಾಬುರಿ ಮತ್ತು ಚಂಪಾಸಕ್‌ನ ಭಾಗಗಳು ಸೇರಿದ್ದು. ಇಷ್ಟು ಯಾವುದೇ ಪಠ್ಯಪುಸ್ತಕದಲ್ಲಿ ಸಿಗುತ್ತದೆ, ವಿದ್ಯಾರ್ಥಿಗಳೂ ಇದನ್ನು ಚೆನ್ನಾಗಿಯೇ ಬರೆಯುತ್ತಾರೆ. ಎಡವುವುದು ಇದಾದ ನಂತರದ ಪುಟದಲ್ಲಿ.

ಒಂದು ಮಾತನ್ನು ಮಾತ್ರ ಇಲ್ಲಿಯೇ ಸೇರಿಸಬೇಕು. 1893ರ ಗಡಿರೇಖೆ ಲಾವೊ ಜನರ ನಡುವೆಯೇ ಹಾದುಹೋಯಿತು. ಇಂದು ಲಾವೋಸ್ ದೇಶದ ಒಟ್ಟು ಜನಸಂಖ್ಯೆ 70 ಲಕ್ಷವನ್ನು ಮೀರಿದೆ, ಅದರಲ್ಲಿ ಲಾವೊ ಭಾಷಿಕರಲ್ಲದವರೂ ಬಹಳ ಮಂದಿ ಇದ್ದಾರೆ; ನದಿಯಾಚೆ ಥಾಯ್ಲೆಂಡಿನ ಈಶಾನ್ಯ ಪ್ರಾಂತ್ಯಗಳಲ್ಲಿ ಲಾವೊ ಮೂಲದವರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಅಂದರೆ ಫ್ರೆಂಚರ ಕೈಗೆ ಬಂದದ್ದು ಲಾವೊ ಜನರ ಸಣ್ಣ ಪಾಲು ಮತ್ತು ಅವರ ಸುತ್ತಲಿನ ಬೆಟ್ಟಗಳಲ್ಲಿ ಬೇರೆಬೇರೆ ಭಾಷೆಗಳನ್ನಾಡುತ್ತ ಬದುಕುತ್ತಿದ್ದ ಅನೇಕ ಸಮುದಾಯಗಳು. ಹೀಗಾಗಿ "ಲಾವೊ ಜನರ ಮೇಲಿನ ಫ್ರೆಂಚ್ ಆಳ್ವಿಕೆ" ಎಂದು ಪ್ರಶ್ನೆ ಕೇಳಿದಾಗ, ಆ ಆಳ್ವಿಕೆಯ ಹೊರೆ ಹೊತ್ತವರಲ್ಲಿ ಲಾವೊ ಅಲ್ಲದವರ ಪಾಲು ದೊಡ್ಡದೆಂಬುದನ್ನು ನೆನಪಿನಲ್ಲಿ ಇಟ್ಟುಕೊಂಡೇ ಉತ್ತರಿಸಬೇಕಾಗುತ್ತದೆ.

ಈಗ ಆ ಪ್ರಸಿದ್ಧ ಸಂಖ್ಯೆಗೆ ಬರೋಣ. 1940ರ ಹೊತ್ತಿಗೆ ಇಡೀ ಲಾವೋಸ್‌ನಲ್ಲಿದ್ದ ಫ್ರೆಂಚರು ಸುಮಾರು 600 ಮಂದಿ. ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅಧಿಕಾರಿಗಳು, ಅವರ ಕುಟುಂಬದವರು, ಪಾದ್ರಿಗಳು, ವ್ಯಾಪಾರಿಗಳು ಎಲ್ಲರೂ ಈ ಲೆಕ್ಕದೊಳಗೇ ಬರುತ್ತಾರೆ. ಒಂದು ಪ್ರಾಂತ್ಯಕ್ಕೆ ಒಬ್ಬ ಕಮಿಷನರ್, ಅವನ ಕೈಕೆಳಗೆ ಬೆರಳೆಣಿಕೆಯ ಸಿಬ್ಬಂದಿ, ವಿಯೆಂಟಿಯಾನ್‌ನಲ್ಲಿ ಒಬ್ಬ ಮುಖ್ಯ ರೆಸಿಡೆಂಟ್. ಲುವಾಂಗ್ ಪ್ರಬಾಂಗ್‌ನಲ್ಲಿ ಅರಸನನ್ನು ಗದ್ದುಗೆಯ ಮೇಲೆ ಉಳಿಸಿಕೊಂಡು ಅದನ್ನು ಸಂರಕ್ಷಿತ ರಾಜ್ಯವೆಂದು ಕರೆದರು; ಉಳಿದ ಭಾಗಗಳನ್ನು ನೇರವಾಗಿ ಆಳಿದರು. ಮೈಸೂರಿನ ಅರಮನೆ ಮತ್ತು ಬ್ರಿಟಿಷ್ ರೆಸಿಡೆಂಟನ ನಡುವಿನ ಸಂಬಂಧವನ್ನು ಓದಿಕೊಂಡವರಿಗೆ ಮೊದಲನೆಯ ವ್ಯವಸ್ಥೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಇಷ್ಟು ಸಣ್ಣ ಸಿಬ್ಬಂದಿಯಿಂದ ಇಷ್ಟು ದೊಡ್ಡ ನಾಡನ್ನು ಹೇಗೆ ಆಳಿದರು ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ವಿದ್ಯಾರ್ಥಿಗಳು ಅದನ್ನು ಕೇಳದೆ, ಸಿಬ್ಬಂದಿ ಕಡಿಮೆಯಿತ್ತು, ಹಾಗಾಗಿ ಆಳಲಿಲ್ಲ ಎಂದು ಮುಗಿಸಿಬಿಡುತ್ತಾರೆ.

ಆಳಿದ್ದು ಹೀಗೆ. ಪ್ರಾಂತ್ಯದ ಕೆಳಗೆ 'ಮುವಾಂಗ್' ಎಂಬ ಹಳೆಯ ಆಡಳಿತ ಘಟಕಗಳನ್ನು ಹಾಗೆಯೇ ಉಳಿಸಿ, ಅವುಗಳ ಲಾವೊ ಒಡೆಯರನ್ನು ಸಂಬಳದ ನೌಕರರನ್ನಾಗಿ ಮಾಡಿಕೊಂಡರು. ಅದರ ಕೆಳಗೆ ಕೆಲವು ಹಳ್ಳಿಗಳಿಗೊಬ್ಬ 'ತಾಸೆಂಗ್', ಅವನ ಕೆಳಗೆ ಪ್ರತಿ ಹಳ್ಳಿಗೂ ಒಬ್ಬ ಮುಖಂಡ. ಕಚೇರಿಯ ಗುಮಾಸ್ತೆ, ತಂತಿ ಕಚೇರಿಯ ನೌಕರ, ಸುಂಕದ ಕಟ್ಟೆಯವನು, ದವಾಖಾನೆಯ ಸಹಾಯಕ, ಶಾಲೆಯ ಮೇಷ್ಟ್ರು ಇವರೆಲ್ಲ ಬಹುಮಟ್ಟಿಗೆ ವಿಯೆಟ್ನಾಮಿನಿಂದ ಬಂದವರು. ಆರಂಭದ ದಶಕಗಳಲ್ಲಿ ಕಾವಲು ದಳದ ಸಿಪಾಯಿಗಳಲ್ಲಿಯೂ ಅವರೇ ಹೆಚ್ಚು. 1943ರ ಹೊತ್ತಿಗೆ ವಿಯೆಂಟಿಯಾನ್ ಪಟ್ಟಣದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಥಾಖೇಕ್‌ನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜನ ವಿಯೆಟ್ನಾಮಿಗಳಾಗಿದ್ದರು. ಹೀಗಾಗಿ ಒಬ್ಬ ಹಳ್ಳಿಗ ತನ್ನ ಇಡೀ ಜೀವಮಾನದಲ್ಲಿ ಫ್ರೆಂಚ್ ಅಧಿಕಾರಿಯ ಮುಖವನ್ನು ಒಮ್ಮೆಯೂ ನೋಡದೆ ಇರುವುದು ಸಾಧ್ಯವಿತ್ತು. ಆದರೆ ಫ್ರೆಂಚ್ ಸರ್ಕಾರದ ಹೆಸರಿನಲ್ಲಿ ತಲೆಗಂದಾಯ ಕೇಳಲು ಬರುವ ತಾಸೆಂಗ್‌ನ ಮುಖವನ್ನು ಅವನು ಪ್ರತಿವರ್ಷವೂ ನೋಡುತ್ತಿದ್ದ.

ಇನ್ನು ನಾನು ಪ್ರತಿವರ್ಷವೂ ಬೋರ್ಡಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ಹೇಳುವ ವಿಷಯ. ಲಾವೋಸ್‌ನ ಬಜೆಟ್ ಎಂದೂ ಸ್ವಂತ ಕಾಲಿನ ಮೇಲೆ ನಿಲ್ಲಲಿಲ್ಲ ಎಂಬುದು ನಿಜ. ಆರಂಭದಲ್ಲಿ ಕೊಚಿನ್‌ಚೀನ, ಅನ್ನಾಮ್, ಟೊಂಕಿನ್ (ಈ ಮೂರು ಇಂದಿನ ವಿಯೆಟ್ನಾಮಿನ ದಕ್ಷಿಣ, ಮಧ್ಯ ಮತ್ತು ಉತ್ತರ ಭಾಗಗಳು) ಮತ್ತು ಕಾಂಬೋಡಿಯಗಳು ತಮ್ಮ ತಮ್ಮ ಪಾಲಿನ ಹಣ ಕೊಟ್ಟು ಅದರ ಖರ್ಚನ್ನು ತೂಗಿಸಿದವು. 1897ರಿಂದ 1902ರವರೆಗೆ ಗವರ್ನರ್ ಜನರಲ್ ಆಗಿದ್ದ ಪಾಲ್ ದುಮೇರ್ ಇಡೀ ಇಂಡೋಚೀನಕ್ಕೆ ಒಂದು ಸಾಮಾನ್ಯ ಬಜೆಟ್ಟನ್ನು ರೂಪಿಸಿದ ಮೇಲೆ ಆ ಕೊರತೆಯನ್ನು ಅಲ್ಲಿಂದ ತುಂಬಲಾಯಿತು. ಇದನ್ನು ಓದಿದ ಕೂಡಲೇ ಚುರುಕಾದ ವಿದ್ಯಾರ್ಥಿಗಳಿಗೆ ಎಲ್ಲವೂ ಸ್ಪಷ್ಟವಾದಂತೆ ಅನಿಸುತ್ತದೆ: ಫ್ರಾನ್ಸ್ ಲಾವೋಸ್‌ನಿಂದ ಪಡೆದದ್ದಕ್ಕಿಂತ ಕೊಟ್ಟದ್ದೇ ಹೆಚ್ಚು! ಚುರುಕಾದವರೇ ಹೆಚ್ಚಾಗಿ ಈ ಹಳ್ಳಕ್ಕೆ ಬೀಳುತ್ತಾರೆ, ಏಕೆಂದರೆ ಅವರು ಅಂಕಿ ಅಂಶಗಳನ್ನು ನಂಬುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಉಪನ್ಯಾಸದ ಕೊನೆಯಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದು ನಿಂತು, "ಸಾರ್, ಪುಸ್ತಕದಲ್ಲಿ ವರ್ಷ ವರ್ಷವೂ ನಷ್ಟ ಇದೆ ಅಂತ ನೀವೇ ಹೇಳಿದಿರಿ. ನಷ್ಟ ಇರುವ ಕಡೆ ದೋಚಿದ್ದು ಎಲ್ಲಿಂದ ಬಂತು?" ಎಂದು ಕೇಳಿದರು. ಪ್ರಶ್ನೆ ಕೇಳುವ ರೀತಿಯಲ್ಲಿಯೇ ಅವರು ಎಷ್ಟು ಜನ ಗುಮಾಸ್ತರನ್ನು ನಡುಗಿಸಿರಬಹುದೆಂದು ಊಹಿಸಬಹುದಾಗಿತ್ತು. ನಾನು ಉತ್ತರ ಹೇಳುವ ಬದಲು, ನಿಮ್ಮ ಸೇವಾವಧಿಯಲ್ಲಿ ಹಣ ಕೊಡದೆ ಮಾಡಿಸಿಕೊಂಡ ಕೆಲಸವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಿದ್ದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಗದು ಓಡಾಡದ ಕಡೆ ನಮ್ಮ ಪುಸ್ತಕ ಓಡಾಡುವುದಿಲ್ಲ ಸಾರ್" ಎಂದರು. ನಾನು ಇಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಚಿಕ್ಕದಾಗಿ ಈ ಮಾತನ್ನು ಹೇಳಲು ಸಾಧ್ಯವಾಗಿರಲಿಲ್ಲ. ಅಂದಿನಿಂದ ಅವರ ವಾಕ್ಯವನ್ನೇ ತರಗತಿಯಲ್ಲಿ ಬಳಸಿಕೊಳ್ಳುತ್ತಿದ್ದೇನೆ.

ಲಾವೋಸ್‌ನಲ್ಲಿ ವಯಸ್ಕ ಗಂಡಸರು ಎರಡು ಬಗೆಯ ಋಣ ತೀರಿಸಬೇಕಿತ್ತು. ಒಂದು, ನಾಣ್ಯದಲ್ಲಿ ಕೊಡಬೇಕಾದ ತಲೆಗಂದಾಯ; ಇನ್ನೊಂದು, ವರ್ಷಕ್ಕೆ ಇಂತಿಷ್ಟು ದಿನದ ಬಿಟ್ಟಿ ಚಾಕರಿ. ದಿನಗಳ ಸಂಖ್ಯೆ ಮತ್ತು ಕಂದಾಯದ ಮೊತ್ತ ಕಾಲದಿಂದ ಕಾಲಕ್ಕೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತಿದ್ದವು. ಆದ್ದರಿಂದ ಒಂದೇ ಅಂಕಿಯನ್ನು ಬರೆದು ಇಡೀ ನಾಡಿಗೆ ಅನ್ವಯಿಸಬಾರದು. ಹಣವಿದ್ದವರು ಹಣ ಕೊಟ್ಟು ಚಾಕರಿಯಿಂದ ಬಿಡಿಸಿಕೊಳ್ಳುವ ಅವಕಾಶವಿತ್ತು. ಪೇಟೆಯ ಹತ್ತಿರ ಇದ್ದು ಅಕ್ಕಿಯನ್ನೋ ದನವನ್ನೋ ಮಾರಿ ನಾಣ್ಯ ಕಾಣಬಲ್ಲವನಿಗೆ ಇದರಿಂದ ಉಪಯೋಗವಾಯಿತು. ಬೆಟ್ಟದ ಮೇಲೆ ಕಾಡು ಸುಟ್ಟು ಬಿತ್ತಿ, ಬೆಳೆದದ್ದನ್ನು ತಾನೇ ಉಂಡು ಬದುಕುವವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಅವನು ತನ್ನ ಮೈಯನ್ನೇ ಕೊಡಬೇಕಾಯಿತು.

ಮೈ ಕೊಡುವುದೆಂದರೆ ಏನೇನು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ 'ಬಿಟ್ಟಿ ಚಾಕರಿ' ಎಂಬ ಮಾತನ್ನು ಇಂದಿನ ವಿದ್ಯಾರ್ಥಿಗಳು ಕಣ್ಣಾಡಿಸಿ ದಾಟಿಹೋಗುತ್ತಾರೆ. ನಮ್ಮ ಹಳ್ಳಿಗಳ ಹಿರಿಯರನ್ನು ಕೇಳಿದರೆ, ಅಮಲ್ದಾರರ ಕ್ಯಾಂಪು ಬಂದಾಗ ಗಾಡಿ, ಸೌದೆ, ಹಾಲು ಒದಗಿಸುತ್ತಿದ್ದ ಕತೆಯನ್ನು ತಮ್ಮ ಅಜ್ಜಂದಿರ ಬಾಯಿಂದ ಕೇಳಿದ್ದನ್ನು ಹೇಳಿಯಾರು. ಲಾವೋಸ್‌ನಲ್ಲಿ ಅದರ ಪ್ರಮಾಣ ಬೇರೆ. ಅಧಿಕಾರಿಯ ಪೆಟ್ಟಿಗೆಗಳನ್ನು ಬೆಟ್ಟದ ದಾರಿಯಲ್ಲಿ ಹೊರುವುದು, ನದಿಯಲ್ಲಿ ದೋಣಿ ಎಳೆಯುವುದು, ತಂಗುದಾಣ ಕಟ್ಟುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆ ಮಾಡುವುದು. ಸವನ್ನಖೇತ್‌ನಿಂದ ಅನ್ನಾಮಿನ ಕರಾವಳಿಯ ಕಡೆ ಹೋಗುವ 9ನೆಯ ನಂಬರಿನ ಮಾರ್ಗ, ಶಿಯೆಂಗ್ ಖುವಾಂಗ್ ಕಡೆಯಿಂದ ವಿನ್ಹ್‌ಗೆ ಇಳಿಯುವ 7ನೆಯ ಮಾರ್ಗ, ದಕ್ಷಿಣದಿಂದ ಉತ್ತರಕ್ಕೆ ಮೆಕಾಂಗಿನ ಗುಂಟ ಸಾಗುವ 13ನೆಯ ಮಾರ್ಗ, ಇವೆಲ್ಲ ಕಲ್ಲು, ಮಣ್ಣು ಮತ್ತು ಕೂಲಿಯಿಲ್ಲದ ದಿನಗಳಿಂದಲೇ ಬಹುಪಾಲು ಎದ್ದು ನಿಂತವು. ಮಳೆಗಾಲದಲ್ಲಿ ಕೊಚ್ಚಿಹೋದದ್ದನ್ನು ಒಣಗಾಲದಲ್ಲಿ ಮತ್ತೆ ಹಾಕಬೇಕು. ಆ ಒಣಗಾಲವೇ ಹೊಸ ಹೊಲಕ್ಕೆ ಕಾಡು ಕಡಿಯುವ ಕಾಲ, ಮನೆ ರಿಪೇರಿ ಮಾಡುವ ಕಾಲ, ಬೇಟೆಯ ಕಾಲ. ಕೆಲಸದ ಸ್ಥಳ ಹಳ್ಳಿಯಿಂದ ದೂರವಿದ್ದರೆ ನಡೆದು ಹೋಗಿಬರುವ ದಿನಗಳ ಹೊರೆಯೂ ಅವನದೇ. ಬಜೆಟ್ಟಿನಲ್ಲಿ ಆ ರಸ್ತೆ ಸಣ್ಣ ಮೊತ್ತವಾಗಿ ಕಾಣುವುದಕ್ಕೆ ಇದೇ ಕಾರಣ. "ಖರ್ಚೇ ಮಾಡಲಿಲ್ಲ" ಎಂದು ಬರೆಯುವವರು, ಆ ರಸ್ತೆಗೆ ಖರ್ಚಾದದ್ದು ಯಾರದು ಎಂದು ಕೇಳಿಕೊಳ್ಳಬೇಕು.

ಕೊರತೆ ತುಂಬಿದ ಹಣದ ವಿಷಯಕ್ಕೂ ಬರೋಣ. ಅದು ಪ್ಯಾರಿಸ್‌ನ ತೆರಿಗೆದಾರನ ಜೇಬಿನಿಂದ ಬಂದದ್ದೆಂದು ಭಾವಿಸಿದರೆ ತಪ್ಪಾಗುತ್ತದೆ. ದುಮೇರ್ ರೂಪಿಸಿದ ಸಾಮಾನ್ಯ ಬಜೆಟ್‌ಗೆ ಆಧಾರವಾಗಿದ್ದದ್ದು ಸುಂಕ ಹಾಗೂ ಅಫೀಮು, ಸಾರಾಯಿ, ಉಪ್ಪುಗಳ ಮೇಲಿನ ಸರ್ಕಾರಿ ಏಕಸ್ವಾಮ್ಯ. ಟೊಂಕಿನ್‌ನ ರೈತ ಹೆಚ್ಚು ಬೆಲೆ ಕೊಟ್ಟು ಕೊಂಡ ಉಪ್ಪಿನಿಂದ ವಿಯೆಂಟಿಯಾನ್‌ನ ಕಮಿಷನರ್‌ನ ಸಂಬಳ ಹುಟ್ಟಿತು ಎಂದರೆ ಹೆಚ್ಚು ಉತ್ಪ್ರೇಕ್ಷೆಯಾಗಲಾರದು. ಇಲ್ಲಿ ನಮಗೂ ಒಂದು ಸಣ್ಣ ನಂಟಿದೆ: ಸೈಗಾನ್‌ನ ಸರ್ಕಾರಿ ಅಫೀಮು ಕಾರ್ಖಾನೆಗೆ ಹೋಗುತ್ತಿದ್ದ ಕಚ್ಚಾ ಅಫೀಮಿನಲ್ಲಿ ಬನಾರಸ್ ಕಡೆಯ ಅಫೀಮು ಒಂದು ಮುಖ್ಯ ಪಾಲಾಗಿತ್ತು. ಬ್ರಿಟಿಷ್ ಇಂಡಿಯಾದ ರೈತ ಬೆಳೆದದ್ದನ್ನು ಫ್ರೆಂಚ್ ಸರ್ಕಾರ ಕೊಂಡು, ಕಾಯಿಸಿ, ತನ್ನ ಪ್ರಜೆಗಳಿಗೆ ಮಾರಿ ಆಡಳಿತ ನಡೆಸುತ್ತಿತ್ತು.

ಜನ ಕಷ್ಟಪಡಲಿಲ್ಲವೆಂದು ಬರೆದ ವಿದ್ಯಾರ್ಥಿಗೆ ನಾನು ಕೇಳುವ ಮುಂದಿನ ಪ್ರಶ್ನೆ ಬಂಡಾಯಗಳ ಕುರಿತಾದದ್ದು. ಹಗುರವಾದ ಆಳ್ವಿಕೆಯ ವಿರುದ್ಧ ಮೂವತ್ತೈದು ವರ್ಷ ಯಾರಾದರೂ ಕಾದಾಡುತ್ತಾರೆಯೇ? ದಕ್ಷಿಣದ ಬೊಲವೆನ್ ಪ್ರಸ್ಥಭೂಮಿಯಲ್ಲಿ 1901ರಲ್ಲಿ, ಥಾತೆಂಗ್ ಎಂಬಲ್ಲಿ, ಸರವಾನ್‌ನ ಫ್ರೆಂಚ್ ಕಮಿಷನರ್‌ನ ಮೇಲೆ ಬೆಟ್ಟದ ಜನ ಎರಗಿದರು. ಅವರ ನಾಯಕ ಅಲಾಕ್ ಸಮುದಾಯದ ಒಂಗ್ ಕೆಯೊ; ಪವಾಡಪುರುಷನೆಂದು, ಬರಲಿರುವ ಧರ್ಮಯುಗದ ಒಡೆಯನೆಂದು ಜನ ಅವನನ್ನು ನಂಬಿದ್ದರು. ಮರುವರ್ಷ ಈ ಚಳವಳಿ ಮೆಕಾಂಗ್ ಬಯಲಿಗೂ ಹಬ್ಬಿ, ಸವನ್ನಖೇತ್‌ನ ಫ್ರೆಂಚ್ ಠಾಣೆಯತ್ತ ಜನ ಗುಂಪುಗುಂಪಾಗಿ ನಡೆದುಬಂದಾಗ, ಫ್ರೆಂಚರ ಗುಂಡುಗಳು ದೇವಗಣಗಿಲೆ ಹೂವಾಗಿ ಬಿಡುತ್ತವೆ ಎಂಬ ನಂಬಿಕೆ ಅವರಲ್ಲಿತ್ತು. ಗುಂಡುಗಳು ಗುಂಡುಗಳಾಗಿಯೇ ಉಳಿದವು. ಸತ್ತವರು ನೂರೈವತ್ತರಷ್ಟು ಮಂದಿ. ಅದೇ ಕಾಲದಲ್ಲಿ ನದಿಯಾಚೆ ಸಯಾಮಿನ ಉಬೊನ್ ಸೀಮೆಯಲ್ಲಿಯೂ ಇಂಥದೇ ಬಂಡಾಯ ಎದ್ದು ಇಂಥದೇ ಅಂತ್ಯ ಕಂಡಿತು. ಬ್ಯಾಂಕಾಕ್ ಕೂಡ ಆ ಹೊತ್ತಿನಲ್ಲಿ ತನ್ನ ಲಾವೊ ಪ್ರಾಂತ್ಯಗಳಲ್ಲಿ ಹಳೆಯ ಒಡೆಯರನ್ನು ಬದಿಗೊತ್ತಿ ಹೊಸ ತೆರಿಗೆ ಯಂತ್ರವನ್ನು ಹೂಡುತ್ತಿತ್ತು ಎಂಬುದನ್ನು ಗಮನಿಸಿದರೆ ಈ ಹೊಂದಿಕೆ ಆಕಸ್ಮಿಕವೆನಿಸುವುದಿಲ್ಲ.

ಒಂಗ್ ಕೆಯೊನನ್ನು 1910ರಲ್ಲಿ, ಮಾತುಕತೆಗೆಂದು ಕೂಡಿದ ಸಂದರ್ಭದಲ್ಲಿ, ಫ್ರೆಂಚ್ ಅಧಿಕಾರಿ ಡೊಪ್ಲೆ ಕೊಲ್ಲಿಸಿದ. ಶರಣಾದವನನ್ನು, ಸಂಧಾನಕ್ಕೆ ಬಂದವನನ್ನು ಕೊಲ್ಲುವುದು ಯಾವ ಸೌಮ್ಯ ಆಡಳಿತದ ಲಕ್ಷಣವೋ ನನಗೆ ತಿಳಿಯದು. ಅವನ ಜೊತೆಗಾರ ಕೊಮ್ಮದಾಮ್ ಬೆಟ್ಟ ಸೇರಿಕೊಂಡು ಮತ್ತೆ ಇಪ್ಪತ್ತಾರು ವರ್ಷ ಕೈಗೆ ಸಿಗಲಿಲ್ಲ. ಅವನು ಬೆಟ್ಟದ ಜನರ ಭಾಷೆಗಾಗಿ ಒಂದು ಲಿಪಿಯನ್ನು ರೂಪಿಸಿದ, ಅಧಿಕಾರಿಗಳಿಗೆ ಬೇಡಿಕೆಗಳನ್ನು ಬರೆದು ಕಳಿಸಿದ. 1936ರಲ್ಲಿ ಫ್ರೆಂಚ್ ಸೈನ್ಯ ಅವನನ್ನು ಕೊಂದಿತು, ಮಕ್ಕಳನ್ನು ಜೈಲಿಗೆ ಹಾಕಿತು. ಉತ್ತರದಲ್ಲಿ 1918ರಿಂದ 1921ರವರೆಗೆ ಹ್ಮೊಂಗ್ ಎಂಬ ಬೆಟ್ಟದ ಸಮುದಾಯದ ನಾಯಕ ಪಾ ಚಾಯ್‌ನ ಬಂಡಾಯ ಟೊಂಕಿನ್‌ನಲ್ಲಿ ಹುಟ್ಟಿ ಶಿಯೆಂಗ್ ಖುವಾಂಗ್, ಸಾಮ್ ನೆವಾ ಬೆಟ್ಟಗಳವರೆಗೆ ಹಬ್ಬಿತು. ಫ್ರೆಂಚರು ಅದನ್ನು 'ಹುಚ್ಚನ ಯುದ್ಧ'ವೆಂದು ದಾಖಲಿಸಿದರು. ಪಾ ಚಾಯ್ ದೈವದ ಆವೇಶಕ್ಕೆ ಒಳಗಾಗುತ್ತಿದ್ದನೆಂಬುದು ಅದಕ್ಕೆ ನೆಪ. ಆದರೆ ಬಂಡಾಯ ಅಡಗಿದ ಮೇಲೆ ಅವರೇ ನೊಂಗ್ ಹೆತ್ ಸುತ್ತಮುತ್ತ ಹ್ಮೊಂಗರಿಗೆ ತಮ್ಮವರೇ ಆದ ತಾಸೆಂಗ್‌ಗಳನ್ನು ಕೊಟ್ಟರು. ತೆರಿಗೆ ವಸೂಲಿಯ ವ್ಯವಸ್ಥೆಯಲ್ಲಿಯೇ ಜಗಳದ ಬೇರು ಇದೆಯೆಂದು ಅವರಿಗೂ ಗೊತ್ತಿತ್ತೆಂದು ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಬಂಡಾಯಗಳೆಲ್ಲ ಕೇವಲ ತೆರಿಗೆ ಮತ್ತು ಬಿಟ್ಟಿ ಚಾಕರಿಯಿಂದ ಹುಟ್ಟಿದವೆಂದು ನಾನು ಹೇಳುತ್ತಿಲ್ಲ. ಬೊಲವೆನ್‌ನಲ್ಲಿ ಫ್ರೆಂಚರು ಗುಲಾಮರ ವ್ಯಾಪಾರವನ್ನು ನಿಲ್ಲಿಸಿದ್ದು, ಅದರಿಂದ ಲಾಭ ಪಡೆಯುತ್ತಿದ್ದ ಲಾವೊ ಮುಖಂಡರನ್ನು ಕೆರಳಿಸಿತ್ತು; ಅವರಲ್ಲಿ ಕೆಲವರು ಬಂಡುಕೋರರಿಗೆ ಒಳಗಿಂದೊಳಗೆ ಒತ್ತಾಸೆಯಾಗಿದ್ದರು. ಬೆಟ್ಟದವರನ್ನು ಹಿಡಿದು ಮಾರುವುದು ನಿಂತದ್ದು ದೊಡ್ಡ ಉಪಕಾರವೇ, ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಹಾಗೆಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಲಾವೋಸ್‌ನ ಊರುಗಳನ್ನು ಸೂರೆ ಮಾಡುತ್ತಿದ್ದ, ಚೀನದ ಕಡೆಯಿಂದ ಬಂದ ಶಸ್ತ್ರಸಜ್ಜಿತ ತಂಡಗಳ ಕಾಟ ಫ್ರೆಂಚರ ಕಾಲದಲ್ಲಿ ಕೊನೆಗೊಂಡಿತು. ಲುವಾಂಗ್ ಪ್ರಬಾಂಗ್ ಅರಮನೆಯ ದೃಷ್ಟಿಯಿಂದ ನೋಡಿದರೆ ಫ್ರೆಂಚರ ಬರವು ಒಂದು ರಕ್ಷಣೆಯೇ. 1904ರಲ್ಲಿ ಗದ್ದುಗೆ ಏರಿದ ಸಿಸವಾಂಗ್ ವೊಂಗ್ ಫ್ರೆಂಚರಿಗೆ ಕೊನೆಯವರೆಗೂ ನಿಷ್ಠನಾಗಿದ್ದುದಕ್ಕೆ ಕಾರಣಗಳಿದ್ದವು. ಪ್ರವಾಸಿಗರು ನೋಡುವ ಆ ಅರಮನೆಯೂ ಅವನಿಗೆಂದು ಫ್ರೆಂಚರ ಕಾಲದಲ್ಲಿಯೇ ಎದ್ದದ್ದು. ನನ್ನ ತಕರಾರು ಇಷ್ಟೆ: ಅರಮನೆಯ ಅನುಭವವನ್ನು ತಂದು ಥಾತೆಂಗ್‌ನ ಹಳ್ಳಿಗನಿಗೆ ತೊಡಿಸಬಾರದು.

ಫ್ರೆಂಚರು ಲಾವೋಸನ್ನು ಏಕೆ ಅಲಕ್ಷಿಸಿದರೆಂಬುದಕ್ಕೆ ಉತ್ತರ ಬಹುಪಾಲು ನದಿಯಲ್ಲಿದೆ. 1866ರಿಂದ 1868ರವರೆಗೆ ದುದಾರ್ ದ ಲಗ್ರೇ ಮತ್ತು ಫ್ರಾನ್ಸಿಸ್ ಗಾರ್ನಿಯೆ ಮೆಕಾಂಗ್ ಮೂಲಕ ಚೀನಕ್ಕೆ ಜಲಮಾರ್ಗ ಹುಡುಕಲು ಹೊರಟಾಗಲೇ ಖೋನ್ ಜಲಪಾತಗಳು ಆ ಕನಸನ್ನು ಮುರಿದಿದ್ದವು. ಆದರೂ ಫ್ರೆಂಚರು ಜಗ್ಗದೆ, 1893ರಲ್ಲಿ ಅಲ್ಲಿನ ದ್ವೀಪವೊಂದರ ಮೇಲೆ ಹಳಿ ಹಾಕಿ ದೋಣಿಗಳನ್ನು ಜಲಪಾತದ ಮೇಲ್ಭಾಗಕ್ಕೆ ಸಾಗಿಸಿದರು. ಡೊನ್ ಖೋನ್ ಮತ್ತು ಡೊನ್ ಡೆತ್ ದ್ವೀಪಗಳನ್ನು ಕೂಡಿಸುವ, ಸುಮಾರು 7 ಕಿಲೋಮೀಟರಿನ ಆ ಕಿರುದಾರಿಯೇ ಅವರು ಇಡೀ ಲಾವೋಸ್‌ನಲ್ಲಿ ಪೂರ್ತಿಗೊಳಿಸಿದ ಏಕೈಕ ರೈಲುಮಾರ್ಗ. ಅನ್ನಾಮಿನಿಂದ ಥಾಖೇಕ್‌ವರೆಗೆ ಯೋಜಿಸಿದ್ದ ರೈಲುಮಾರ್ಗ ಕೊನೆಗೂ ಮುಗಿಯಲಿಲ್ಲ. ನದಿ ಚೀನದ ಬಾಗಿಲಾಗದು ಎಂದು ಖಚಿತವಾದ ಮೇಲೆ ಲಾವೋಸ್, ವಿಯೆಟ್ನಾಮಿನ ಹಿತ್ತಲ ಬೇಲಿಯಾಗಿ ಮಾತ್ರ ಉಳಿಯಿತು. ಥಾಖೇಕ್‌ನ ಬಳಿಯ ಫೊನ್‌ತಿಯುವಿನ ತವರದ ಗಣಿ, ಬೊಲವೆನ್‌ನ ಕಾಫಿ ತೋಟಗಳು, ಹ್ಮೊಂಗರ ಅಫೀಮು ಇವನ್ನು ಬಿಟ್ಟರೆ ಹೂಡಿಕೆದಾರರಿಗೆ ಅಲ್ಲಿ ಆಕರ್ಷಣೆ ಇರಲಿಲ್ಲ. ಗಣಿಯ ಕೆಲಸಗಾರರನ್ನು ಸಹ ವಿಯೆಟ್ನಾಮಿನಿಂದಲೇ ತಂದರು. ವಿರಳ ಜನಸಂಖ್ಯೆಯ ಈ ಬಯಲುಗಳಲ್ಲಿ ವಿಯೆಟ್ನಾಮಿಗಳನ್ನು ಭಾರಿ ಸಂಖ್ಯೆಯಲ್ಲಿ ನೆಲೆಗೊಳಿಸುವ ಯೋಜನೆಗಳು ಕಚೇರಿಗಳಲ್ಲಿ ತಯಾರಾಗುತ್ತಲೇ ಇದ್ದವು. ಅವು ಪೂರ್ತಿ ನಡೆದಿದ್ದರೆ ಇಂದಿನ ಲಾವೋಸ್‌ನ ಚಹರೆಯೇ ಬೇರೆಯಾಗುತ್ತಿತ್ತೇನೋ.

ಶಿಕ್ಷಣದ ಮಾತೆತ್ತಿದರೆ ಅಲಕ್ಷ್ಯಕ್ಕೆ ಇನ್ನೂ ಸ್ಪಷ್ಟ ರೂಪ ಸಿಗುತ್ತದೆ. ವಿಯೆಂಟಿಯಾನ್‌ನಲ್ಲಿ ಪಾವಿಯ ಹೆಸರಿನ ಒಂದು ಶಾಲೆ ಬಿಟ್ಟರೆ ಮೇಲಿನ ಹಂತದ ಓದಿಗೆ ನಾಡಿನೊಳಗೆ ದಾರಿಯಿರಲಿಲ್ಲ. ಅದಕ್ಕೂ ಮುಂದೆ ಓದಬೇಕೆಂದರೆ ಹನೋಯಿಗೋ ಪ್ಯಾರಿಸ್‌ಗೋ ಹೋಗಬೇಕು. ಹೋದವರು ಅರಮನೆಯ ನಂಟಿನ ಮಕ್ಕಳು: ಪೆಟ್ಸರಾತ್, ಅವರ ತಮ್ಮ ಸುವನ್ನ ಫೂಮ, ಮಲತಮ್ಮ ಸುಫನುವೊಂಗ್. ಕೊನೆಯ ಇಬ್ಬರೂ ಇಂಜಿನಿಯರುಗಳಾಗಿ ಮರಳಿದರು. ಗುಮಾಸ್ತೆಯ ಕೆಲಸಕ್ಕೆ ಬೇಕಾದ ಓದನ್ನು ಕಲಿಸದೆ, ಓದಿದ ಲಾವೊಗಳಿಲ್ಲವೆಂದು ವಿಯೆಟ್ನಾಮಿಗಳನ್ನು ತಂದು ಕೂರಿಸಿದರು. ಅವರನ್ನು ಕಂಡು ಲಾವೊಗಳು ಕೆರಳಿದಾಗ, ಈ ಎರಡು ಜನಾಂಗಗಳ ನಡುವೆ ಹಳೆಯ ದ್ವೇಷವಿದೆಯೆಂದು ವರದಿ ಬರೆದರು.

ಇದು ಬಡತನದಿಂದಾದ ಅಲಕ್ಷ್ಯವಲ್ಲ, ಆಯ್ಕೆಯಿಂದಾದದ್ದು ಎಂಬುದಕ್ಕೆ 1940ರ ದಶಕದ ಮೊದಲ ವರ್ಷಗಳೇ ಸಾಕ್ಷಿ. ಫ್ರಾನ್ಸ್ ಜರ್ಮನಿಗೆ ಸೋತಿತ್ತು. ಆ ಹೊತ್ತು ನೋಡಿ ಥಾಯ್ಲೆಂಡ್ ಯುದ್ಧ ಹೂಡಿ, ಜಪಾನಿನ ಮಧ್ಯಸ್ಥಿಕೆಯಲ್ಲಿ 1941ರ ಮೇ ತಿಂಗಳ ಟೋಕಿಯೊ ಒಪ್ಪಂದದ ಮೂಲಕ ಸಯಾಬುರಿಯನ್ನೂ ಚಂಪಾಸಕ್‌ನ ಬಲದಂಡೆಯನ್ನೂ ಕಿತ್ತುಕೊಂಡಿತು. ನದಿಯಾಚೆಯಿಂದ "ನಾವೆಲ್ಲ ಒಂದೇ ಕುಲ" ಎಂಬ ಪ್ರಚಾರ ಕೇಳಿಬರುತ್ತಿತ್ತು. ಆಗ ಫ್ರೆಂಚ್ ಅಧಿಕಾರಿಗಳಿಗೆ ಇದ್ದಕ್ಕಿದ್ದಂತೆ ಲಾವೊ ಜನರ ಭಾಷೆ, ಹಾಡು, ನೃತ್ಯ, ಚರಿತ್ರೆಗಳ ಮೇಲೆ ಅಕ್ಕರೆ ಹುಟ್ಟಿತು. ಶಾರ್ಲ್ ರೋಶೆಯಂಥ ಅಧಿಕಾರಿಗಳ ಮುಂದಾಳತ್ವದಲ್ಲಿ ಲಾವೊ ಭಾಷೆಯ ಪತ್ರಿಕೆ ಹೊರಟಿತು, ಯುವಕರ ಸಂಘಗಳು ಹುಟ್ಟಿದವು. ಹಿಂದಿನ ನಾಲ್ಕು ದಶಕಗಳಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಶಾಲೆಗಳನ್ನು ಆ ನಾಲ್ಕೈದು ವರ್ಷಗಳಲ್ಲಿ ಕಟ್ಟಿದರು. 1941ರ ಆಗಸ್ಟ್‌ನಲ್ಲಿ ಲುವಾಂಗ್ ಪ್ರಬಾಂಗ್ ಅರಸನೊಂದಿಗೆ ಹೊಸ ಒಪ್ಪಂದ ಮಾಡಿ, ಕಳೆದುಕೊಂಡ ನೆಲಕ್ಕೆ ಬದಲಾಗಿ ವಿಯೆಂಟಿಯಾನ್, ಶಿಯೆಂಗ್ ಖುವಾಂಗ್ ಮೊದಲಾದ ಸೀಮೆಗಳನ್ನು ಅವನ ರಾಜ್ಯಕ್ಕೆ ಸೇರಿಸಿದರು. ಯುದ್ಧದ ಕಾಲದ ಕೊರತೆಯ ನಡುವೆಯೇ ಇಷ್ಟೆಲ್ಲ ಮಾಡಲು ಸಾಧ್ಯವಾಯಿತು ಎಂದರೆ, 1910ರಲ್ಲಿ ಅಥವಾ 1925ರಲ್ಲಿ ಏಕೆ ಆಗಲಿಲ್ಲ ಎಂದು ವಿದ್ಯಾರ್ಥಿಗಳು ಕೇಳಬೇಕು. ಯಾರೂ ಕೇಳುವುದಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕತೆ. 1945ರ ಮಾರ್ಚ್‌ನಲ್ಲಿ ಜಪಾನ್ ಫ್ರೆಂಚರನ್ನು ಕೆಳಗಿಳಿಸಿತು, ಏಪ್ರಿಲ್‌ನಲ್ಲಿ ಅರಸನಿಂದ ಸ್ವಾತಂತ್ರ್ಯ ಘೋಷಣೆ ಮಾಡಿಸಿತು; ಜಪಾನ್ ಶರಣಾದ ಮೇಲೆ ಪೆಟ್ಸರಾತ್‌ರ ಬೆಂಬಲದ ಲಾವೊ ಇಸ್ಸರ ('ಸ್ವತಂತ್ರ ಲಾವೋಸ್') ಸರ್ಕಾರ ಅಕ್ಟೋಬರ್ 12ರಂದು ಅಧಿಕಾರ ಹಿಡಿಯಿತು. 1946ರ ಮಾರ್ಚ್ 21ರಂದು ಫ್ರೆಂಚರು ಥಾಖೇಕ್ ಮೇಲೆ ವಿಮಾನ ಮತ್ತು ಫಿರಂಗಿಗಳೊಂದಿಗೆ ಎರಗಿದಾಗ ಲಾವೊಗಳೂ ವಿಯೆಟ್ನಾಮಿಗಳೂ ನೂರಾರು ಸಂಖ್ಯೆಯಲ್ಲಿ ಸತ್ತರು. ನದಿ ದಾಟುತ್ತಿದ್ದ ಸುಫನುವೊಂಗ್ ಗಾಯಗೊಂಡರು. ಮೇ ತಿಂಗಳ ಹೊತ್ತಿಗೆ ಫ್ರೆಂಚರು ಲುವಾಂಗ್ ಪ್ರಬಾಂಗ್ ತಲುಪಿದರು. 1947ರಲ್ಲಿ ಸಂವಿಧಾನ, 1949ರಲ್ಲಿ ಫ್ರೆಂಚ್ ಒಕ್ಕೂಟದೊಳಗಿನ ಅರೆ ಸ್ವಾತಂತ್ರ್ಯ, 1953ರ ಅಕ್ಟೋಬರ್ 22ರಂದು ಪೂರ್ಣ ಸ್ವಾತಂತ್ರ್ಯದ ಒಪ್ಪಂದ. ಮರುವರ್ಷ, ಇಂಡೋಚೀನದ ಯುದ್ಧವನ್ನು ನಿಲ್ಲಿಸಿದ ಜಿನೀವಾ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ಬಂದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ ಸ್ಥಾನ ವಹಿಸಿತ್ತು. ಆಗಲೂ ಸವನ್ನಖೇತ್ ಬಳಿಯ ಸೆನೊ ನೆಲೆಯಲ್ಲಿ ಫ್ರೆಂಚ್ ಸೈನಿಕರು ಉಳಿದಿದ್ದರು.

ಇಷ್ಟು ಪಾಠ ಮುಗಿದ ಮೇಲೆ ತರಗತಿಯಲ್ಲಿ ಸಾಮಾನ್ಯವಾಗಿ ಒಬ್ಬರಾದರೂ ಕೈ ಎತ್ತಿ, ಬೌದ್ಧ ಧರ್ಮದ ಈ ಶಾಂತ ನಾಡಿನಲ್ಲಿ ಕಮ್ಯುನಿಸ್ಟರಿಗೆ ಬೆಟ್ಟದ ಜನರ ಬೆಂಬಲ ಹೇಗೆ ಸಿಕ್ಕಿತು ಎಂದು ಕೇಳುತ್ತಾರೆ. ಒಂದೇ ಕಾರಣ ಹೇಳುವುದು ಸರಿಯಲ್ಲ. ವಿಯೆಟ್ನಾಮಿನ ಸೈನ್ಯ ಮತ್ತು ಸಂಘಟನೆಯ ಪಾತ್ರ ಬಹಳ ದೊಡ್ಡದು. ಆದರೆ ಇಬ್ಬರ ಹೆಸರನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಒಬ್ಬ ಸಿಥೊನ್ ಕೊಮ್ಮದಾಮ್, 1936ರಲ್ಲಿ ಫ್ರೆಂಚರು ಕೊಂದ ಆ ಕೊಮ್ಮದಾಮ್‌ನ ಮಗ. 1945ರವರೆಗೆ ಸೆರೆಯಲ್ಲಿದ್ದು, ಹೊರಬಂದ ಮೇಲೆ ಕಮ್ಯುನಿಸ್ಟರ ಪಾಥೆಟ್ ಲಾವೊ ಸಂಘಟನೆ ಸೇರಿ ದಕ್ಷಿಣದ ಬೆಟ್ಟದ ಜನರ ಮುಖಂಡನಾದವನು. ಇನ್ನೊಬ್ಬ ಫೈದಾಂಗ್ ಎಂಬ ಹ್ಮೊಂಗ್ ನಾಯಕ. 1930ರ ದಶಕದ ಕೊನೆಯಲ್ಲಿ ನೊಂಗ್ ಹೆತ್ ಸೀಮೆಯ ತಾಸೆಂಗ್ ಹುದ್ದೆ ಅವನ ಮನೆತನದ ಕೈತಪ್ಪಿ, ಎದುರಾಳಿ ಮನೆತನದ ತೂಬಿ ಲಿಫೊಂಗ್‌ನ ಪಾಲಾಯಿತು. ಯುದ್ಧಕಾಲದಲ್ಲಿ ಹೊರಗಿನ ಅಫೀಮು ಬರುವುದು ನಿಂತಾಗ ಫ್ರೆಂಚರು ಹ್ಮೊಂಗರ ಬೆಳೆಯನ್ನೇ ಹೆಚ್ಚಿಸಲು ಹೊರಟು, ಅದನ್ನು ಕೊಳ್ಳುವ ವ್ಯವಸ್ಥೆಯಲ್ಲಿ ಅದೇ ತೂಬಿಯನ್ನು ಮುಂದಿಟ್ಟುಕೊಂಡರು. ತೂಬಿ ಫ್ರೆಂಚರ ಪಕ್ಷದಲ್ಲಿ ನಿಂತ, ಫೈದಾಂಗ್ ಪಾಥೆಟ್ ಲಾವೊ ಕಡೆ ಹೋದ. ಹ್ಮೊಂಗರು ಮುಂದಿನ ಮೂವತ್ತು ವರ್ಷ ಎರಡು ಪಾಳೆಯಗಳಾಗಿ ಪರಸ್ಪರ ಕಾದಾಡಿದ್ದರ ಹಿಂದೆ, ಕಂದಾಯ ಎತ್ತುವ ಒಂದು ಹುದ್ದೆಗಾಗಿ ಎರಡು ಮನೆತನಗಳ ನಡುವೆ ನಡೆದ ಈ ಜಗಳವೂ ಇತ್ತು.